ಅಪ್ಪ ತಿದ್ದಿದ ಮಾನಪತ್ರ

ಮುಂಡರಗಿ
12 ಜೂನ್ 2024

ವಿದ್ಯಾಶ್ರೀ,

ನೀನು ಆರಾಮಾಗಿರುವೆ ಎಂಬುದನ್ನು ನಿನ್ನ ಅವ್ವ ಫೋನಿನಲ್ಲಿ ಕೇಳಿ ತಿಳಿದುಕೊಂಡಿದ್ದಾಳೆ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ನಿನ್ನೆ ಲಕ್ಷ್ಮೇಶ್ವರದ ನಮ್ಮ ಬೀಗರ ಮನೆಯಿಂದ ಮದುವೆ ಕಾರ್ಡು ಬಂತು. ಬಂಗಾರದ ಬಣ್ಣದ ಅಕ್ಷರಗಳಲ್ಲಿ ಹೀಗೆ ಅಚ್ಚಾಗಿದೆ: “ತಾವು ಸಹಕುಟುಂಬ ಸಮೇತರಾಗಿ ಆಗಮಿಸಿ ವಧೂವರರನ್ನು ಅರಸಿ ಆಶೀರ್ವದಿಸಬೇಕು.” ಅರಸುವುದು ಎಂದರೆ ಹುಡುಕುವುದು. ವಧೂವರರು ಎಲ್ಲಿಗೆ ಓಡಿಹೋಗಿದ್ದಾರೆ? ಇನ್ನು, ‘ಸಹ’ ಎಂದರೂ ಕೂಡಿಕೊಂಡು, ‘ಸಮೇತ’ ಎಂದರೂ ಕೂಡಿಕೊಂಡು. ಎರಡು ಕುಟುಂಬ ಕರೆತರಬೇಕೆಂದು ಅವರ ಇಚ್ಛೆಯಿದ್ದರೆ, ನನಗಿರುವುದು ಒಂದೇ. ನಿನ್ನ ಅವ್ವನಿಗೆ ಇದನ್ನು ವಿವರಿಸಿದೆ. ಅವಳು ನಗಲಿಲ್ಲ.

ಕಾರ್ಡಿನ ಮೂಲೆಯಲ್ಲಿ ಇರುವೆಯಂಥ ಅಕ್ಷರಗಳು: “ಮುದ್ರಣ: ವಿದ್ಯಾಶ್ರೀ ಪ್ರಿಂಟರ್ಸ್, ಬೆಟಗೇರಿ”. ಇಡೀ ಕಾರ್ಡಿನಲ್ಲಿ ತಪ್ಪಿಲ್ಲದ ಸಾಲು ಅದೊಂದೇ.

ಇಷ್ಟಕ್ಕೇ ಮುಗಿಯಲಿಲ್ಲ. ಗದಗ ಬಸ್ಸಿನ ಕಂಡಕ್ಟರ್ ನಜೀರಸಾಬ ನನ್ನ ಹಳೆಯ ವಿದ್ಯಾರ್ಥಿ, ನಿನಗೆ ಗೊತ್ತು. ಸಂತೆಯಲ್ಲಿ ಸಿಕ್ಕು, ಎಲ್ಲರೆದುರು ಹೇಳಿದ: “ಸರ, ಬೆಟಗೇರಿಯಾಗ ಸಕ್ರಪ್ಪನ ಲಾಂಡ್ರಿ ಬೋರ್ಡ ನೋಡೀರೇನು? ‘ಎಂಥಾ ಕೊಲೆ ಇದ್ದರೂ ಗುರುತು ಉಳಿಯದಂತೆ ತೆಗೆದುಕೊಡಲಾಗುವುದು’ ಅಂತ ಐತ್ರಿ. ಅಕ್ಕಾರ ಪ್ರೆಸ್ಸಿಂದ ಅದು.” ಕೊಳೆಯನ್ನು ಕೊಲೆ ಮಾಡಿ ಒಬ್ಬ ಮರ್ಯಾದಸ್ಥನನ್ನು ನೀನು ಆರೋಪಿಯನ್ನಾಗಿ ಮಾಡಿರುವೆ.

ಇಡೀ ಜೀವಮಾನ ನಾನು ಈ ಊರಿನ ಹೈಸ್ಕೂಲಿನಲ್ಲಿ ‘ಲ’ ಮತ್ತು ‘ಳ’ಗಳನ್ನು ಬೇರೆ ಬೇರೆ ಕೂಡಿಸುತ್ತ ಬಂದೆ. ನೀನು ಶಿರಹಟ್ಟಿಯ ಮಾಸ್ತರಿಕೆ ಬಿಟ್ಟು ಅಂಗಡಿ ತೆರೆದು ಎರಡನ್ನೂ ಕಲಸಿದೆ.

ಫೋನು ಮಾಡಲಿಲ್ಲ. ಫೋನಿನಲ್ಲಿ ನೀನು “ಹೂಂ” ಎಂದು ಇಟ್ಟುಬಿಡುವೆ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ.

ಸಂತೆಯಲ್ಲಿ ತಲೆ ತಗ್ಗಿಸಿದ ನಿನ್ನ ಅಪ್ಪ,
ಬಸಲಿಂಗಯ್ಯ
(ನಿವೃತ್ತ ಕನ್ನಡ ಶಿಕ್ಷಕ)


ಬೆಟಗೇರಿ
16 ಜೂನ್ 2024

ಅಪ್ಪ,

ಅಂಗಡಿ ತೆರೆದು ನಾಲ್ಕು ವರ್ಷವಾಯಿತು. ನಿಮ್ಮಿಂದ ಬಂದ ಮೊದಲ ಕಾಗದ ಇದು. ಕೆಂಪು ಶಾಯಿಯಲ್ಲಿ ಬಂದರೂ ಬಂತಲ್ಲ ಎಂದುಕೊಂಡೆ.

ಬೀಗರ ಕಾರ್ಡಿನ ಕಥೆ ಕೇಳಿ. ಅವರು ಮಜಕೂರನ್ನು ಫೋನಿನಲ್ಲಿ ಕಳಿಸಿದರು. ನಮ್ಮ ಯೂಸುಫ, ಕಂಪ್ಯೂಟರಿನ ಮುಂದೆ ಕೂತು ಎಲ್ಲ ವಿನ್ಯಾಸ ಮಾಡುವವನು, ತಾನಾಗಿಯೇ ಕೇಳಿದ: “ಮಾವಾರ, ಇದು ಹರಸಿ ಆಗಬೇಕಲ್ರಿ?” ಅವರು ಸಿಟ್ಟಿಗೆದ್ದರು: “ನಮ್ಮ ಮನ್ಯಾಗ ಹಿರ್ಯಾರು ಓದಿ ಪಾಸ್ ಮಾಡ್ಯಾರ. ಒಂದಕ್ಷರ ಆಕಡೆ ಈಕಡೆ ಮಾಡಾಕ ಹೋಗಬ್ಯಾಡ್ರಿ.” ನಾನೇನು ಮಾಡಲಿ? ಸಕ್ರಪ್ಪನ ಬೋರ್ಡು ಮಾತ್ರ ನಮ್ಮದೇ ತಪ್ಪು. ಅವತ್ತು ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಗಡಿಬಿಡಿಯಲ್ಲಿ ಹಾಗೇ ಹೋಯಿತು.

ಅಲ್ಲಿ ಕೂತು ಬೈಯುವುದು ಸುಲಭ. ಇಲ್ಲಿ ಬಂದು ಒಂದು ವಾರ ಪ್ರೂಫು ನೋಡಿ. ನೀವು ಈ ಅಂಗಡಿಯ ಹೊಸ್ತಿಲನ್ನು ಇನ್ನೂ ದಾಟಿಲ್ಲ.

ವಿದ್ಯಾ


ಮುಂಡರಗಿ
19 ಜೂನ್ 2024

ವಿದ್ಯಾಶ್ರೀ,

ನಾನು ಅಲ್ಲಿಗೆ ಬರುವುದಿಲ್ಲ. ನನಗೆ ಮೊಣಕಾಲು ನೋವು.

ಆದರೆ ಪ್ರೂಫು ನೋಡುತ್ತೇನೆ. ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ ನಜೀರಸಾಬನ ಬಸ್ಸಿಗೆ ಕೊಡು. ನಾನು ಸ್ಟ್ಯಾಂಡಿನಲ್ಲಿ ಇಸಿದುಕೊಂಡು, ತಿದ್ದಿ, ಮರುದಿನದ ಗಾಡಿಗೆ ಕೊಡುತ್ತೇನೆ. ಸ್ಟ್ಯಾಂಡಿನ ತನಕ ನಡೆಯಲು ಮೊಣಕಾಲು ಅಡ್ಡಿ ಮಾಡುವುದಿಲ್ಲ. ಒಂದೇ ಷರತ್ತು: ನಾನು ತಿದ್ದಿದ್ದನ್ನು ಗಿರಾಕಿ ಬೇಡವೆಂದರೂ ಬದಲಿಸಕೂಡದು. ವ್ಯಾಕರಣ ಗಿರಾಕಿಯನ್ನು ಕೇಳಿಕೊಂಡು ಹುಟ್ಟಿಲ್ಲ.

ಬಸಲಿಂಗಯ್ಯ


ಬೆಟಗೇರಿ
14 ಜುಲೈ 2024

ಅಪ್ಪ,

ಮೊದಲು ಒಳ್ಳೆಯ ಸುದ್ದಿ. ನೇಕಾರರ ಸಂಘವೊಂದರ ನೋಟೀಸು ನೆನಪಿದೆಯಲ್ಲ, “ಮೃತರಾದ ಸದಸ್ಯರು ತಮ್ಮ ಮರಣ ಪ್ರಮಾಣಪತ್ರದೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು” ಎಂದು ಇದ್ದದ್ದು? ನೀವು ಅಂಚಿನಲ್ಲಿ “ಬಂದರೆ ನನಗೂ ತಿಳಿಸಿರಿ” ಎಂದು ಬರೆದು, ‘ಮೃತ ಸದಸ್ಯರ ವಾರಸುದಾರರು’ ಎಂದು ತಿದ್ದಿದಿರಿ. ಕಾರ್ಯದರ್ಶಿ ಓದಿ ಹಣೆ ಒರೆಸಿಕೊಂಡರು. “ಪುಣ್ಯಾ ಬಂತ್ರಿ. ಇದು ಹಂಗ ಹೋಗಿದ್ರ ನಮ್ಮ ವಿರೋಧಿಗಳು ಖರೇನ ಯಾರನ್ನರ ಕರಕೊಂಡು ಬರತಿದ್ರು.” ಶಾಲೆಯ ಕಾರ್ಯಕ್ರಮದ ‘ಮದ್ಯಾಹ್ನದ ಊಟ’ಕ್ಕೆ ನೀವು ‘ಧ’ ಕೊಟ್ಟು ಮದ್ಯ ತೆಗೆದದ್ದಕ್ಕೆ ಹೆಡ್‌ಮಾಸ್ತರರು ನಮಸ್ಕಾರ ಹೇಳಿದ್ದಾರೆ.

ಇನ್ನು ಸಕ್ರಪ್ಪ. ಹೊಸ ಬೋರ್ಡನ್ನು ಪುಕ್ಕಟೆಯಾಗಿ ಹಾಕಿಕೊಟ್ಟೆವು, ‘ಕೊಳೆ’ ಎಂದು, ಒಳ್ಳೆ ದೊಡ್ಡ ‘ಳ’. ವಾರ ಕಳೆಯುವುದರೊಳಗೆ ಮುಖ ಗಂಟಿಕ್ಕಿಕೊಂಡು ಬಂದ.

“ಅಕ್ಕಾರ, ನನ್ನ ಕೊಲಿ ನನಗ ವಾಪಸ್ ಕೊಡ್ರಿ.”

“ಯಾಕ ಸಕ್ರಪ್ಪ? ಇದು ಸರಿ ಐತೆಲ್ಲ?”

“ಸರಿ ಐತ್ರಿ, ಅದಕ್ಕ ಯಾರೂ ನಿಂತು ನೋಡವಲ್ರು. ಮೊದಲ ಮಂದಿ ನಿಂದರತಿದ್ರು, ಫೋಟೋ ತಗೀತಿದ್ರು, ನಗತಿದ್ರು, ನಗಕೋತ ಒಂದು ಅಂಗಿ ಕೊಟ್ಟು ಹೋಗತಿದ್ರು. ಈಗ ನಾನೂ ಎಲ್ಲಾರಂಗ ಒಬ್ಬಾಂವ ಲಾಂಡ್ರಿಯಾಂವ ಆಗೇನಿ.”

ನಿಮ್ಮ ಷರತ್ತಿನಂತೆ ಬದಲಿಸಲಿಲ್ಲ. ಅವನು ತಾನೇ ಬಣ್ಣದ ಡಬ್ಬಿ ತಂದು ‘ಳ’ದ ಬಾಲ ಅಳಿಸಿಕೊಂಡಿದ್ದಾನೆ.

ವಿದ್ಯಾ


ಮುಂಡರಗಿ
16 ಜುಲೈ 2024

ವಿದ್ಯಾಶ್ರೀ,

ಸಕ್ರಪ್ಪನಿಗೆ ಹೇಳು: ನಗಿಸಿ ಅಂಗಿ ಇಸಿದುಕೊಳ್ಳುವುದು ವ್ಯಾಪಾರವಲ್ಲ, ನಾಟಕ.

ಯೂಸುಫನ ಕೆಲಸ ಸುಧಾರಿಸುತ್ತಿದೆ. ‘ಕೋಟ್ಯಾಂತರ’ ಬರೆದು ತಾನೇ ಹೊಡೆದು ‘ಕೋಟ್ಯಂತರ’ ಮಾಡಿದ್ದಾನೆ. ಹುಷಾರಿದ್ದಾನೆ ಎಂದು ತಿಳಿಸು. ಬೇಡ, ತಿಳಿಸಬೇಡ. ಹೊಗಳಿದರೆ ಮನುಷ್ಯ ಎಚ್ಚರ ತಪ್ಪುತ್ತಾನೆ.

ನಿನ್ನ ಅವ್ವ ಈ ಲಕೋಟೆಯಲ್ಲಿ ಶೇಂಗಾ ಹೋಳಿಗೆ ಇಟ್ಟಿದ್ದಾಳೆ. ಪ್ರೂಫಿನ ಮೇಲಿನ ಎಣ್ಣೆ ಕಲೆಗೆ ಅವಳೇ ಹೊಣೆ.

ಬಸಲಿಂಗಯ್ಯ


ಬೆಟಗೇರಿ
11 ಆಗಸ್ಟ್ 2024

ಅಪ್ಪ,

ಈ ಸಲ ನಿಮ್ಮ ಷರತ್ತು ನಮ್ಮನ್ನು ಬಾವಿಗೆ ತಳ್ಳಿತು. ಕಳಸಾಪುರದವರ ಮದುವೆ ಕಾರ್ಡಿನಲ್ಲಿ ವರನ ಹೆಸರು ಸುನಿಲಕುಮಾರ ಎಂದಿತ್ತು. ನೀವು ‘ನಿ’ಗೆ ದೀರ್ಘ ಕೊಟ್ಟು, “ನೀಲಿಯಿಂದ ಸುನೀಲ” ಎಂದು ಅಂಚಿನಲ್ಲಿ ಟಿಪ್ಪಣಿ ಬರೆದಿರಿ. ಅಚ್ಚಾಯಿತು, ಹಂಚಿದರು. ವಧುವಿನ ಅಜ್ಜಿ ಕಾರ್ಡು ಹಿಡಿದು ಕೂತುಬಿಟ್ಟಳಂತೆ: “ನಾವು ಹೆಣ್ಣು ಕೊಟ್ಟಿದ್ದು ಸುನಿಲಗ. ಈ ಸುನೀಲ ಯಾಂವ?” ಆಧಾರ ಕಾರ್ಡು, ಶಾಲೆಯ ದಾಖಲೆ ಎಲ್ಲ ತಂದು ಹುಡುಗ ತಾನೇ ತಾನೆಂದು ಸಾಬೀತು ಮಾಡಬೇಕಾಯಿತು. ಅಷ್ಟೂ ಕಾರ್ಡು ಮತ್ತೆ ಅಚ್ಚು ಹಾಕಿಕೊಟ್ಟೆ.

ಹೆಸರು ಅವರವರ ಸ್ವತ್ತು, ಅಪ್ಪ. ಅದನ್ನಾದರೂ ಬಿಟ್ಟುಬಿಡಿ.

ಇದರ ಜೊತೆ ಒಂದು ಮಾನಪತ್ರದ ಕರಡು ಇಟ್ಟಿದ್ದೇನೆ. ಯಾರೋ ಹಳೆಯ ವಿದ್ಯಾರ್ಥಿಗಳು ತಮ್ಮ ಮಾಸ್ತರರಿಗೆ ಗುರುವಂದನೆ ಮಾಡುತ್ತಾರಂತೆ. ಹೆಸರನ್ನು ಆಮೇಲೆ ಕೊಡುತ್ತಾರೆ, ಆ ಜಾಗ ಖಾಲಿ ಬಿಟ್ಟಿದೆ. ಚೆನ್ನಾಗಿ ನೋಡಿ.

ವಿದ್ಯಾ


ಮುಂಡರಗಿ
13 ಆಗಸ್ಟ್ 2024

ವಿದ್ಯಾಶ್ರೀ,

ಸುನಿಲನ ವಿಷಯ ಓದಿದೆ. ಅವನ ತಂದೆ ನಾಮಕರಣದ ದಿನವೇ ನನ್ನನ್ನು ಕೇಳಬೇಕಾಗಿತ್ತು.

ಮಾನಪತ್ರ ನೋಡಿದೆ. ಇದನ್ನು ಬರೆದವರಿಗೆ ಜ್ವರ ಬಂದಿತ್ತೇ? ‘ಅಪ್ರತಿಮ ವಿದ್ವಾಂಸರು’ ತೆಗೆದಿದ್ದೇನೆ. ವಿದ್ವಾಂಸನಾಗಿದ್ದರೆ ಹೈಸ್ಕೂಲಿನಲ್ಲಿ ಏಕೆ ಇರುತ್ತಿದ್ದ? ‘ಸೌಮ್ಯ ಸ್ವಭಾವದವರು’ ತೆಗೆದಿದ್ದೇನೆ. ಸೌಮ್ಯನಾದ ಮಾಸ್ತರನ ತರಗತಿಯಲ್ಲಿ ಹುಡುಗರು ಗಿರಮಿಟ್ ತಿನ್ನುತ್ತಾರೆ. ‘ಪ್ರಾಧಾನ್ಯತೆ’ ಎಂಬ ಶಬ್ದವೇ ಇಲ್ಲ, ‘ಪ್ರಾಧಾನ್ಯ’ ಸಾಕು. ‘ಜ್ಞಾನಸಾಗರ’, ‘ಕರುಣಾಮೂರ್ತಿ’, ‘ನಡೆದಾಡುವ ವ್ಯಾಕರಣ’ ಎಲ್ಲ ಹೊಡೆದಿದ್ದೇನೆ. ವ್ಯಾಕರಣ ನಡೆದಾಡುವುದಿಲ್ಲ.

ಉಳಿದದ್ದು ಇಷ್ಟು: “ಶ್ರೀ ____ ಅವರು ನಮಗೆ ಕನ್ನಡ ಕಲಿಸಿದರು. ಅವರಿಗೆ ನಮ್ಮ ನಮಸ್ಕಾರ.” ಈ ಮಾಸ್ತರ ಯಾರೋ ನನಗೆ ಗೊತ್ತಿಲ್ಲ. ಒಳ್ಳೆಯವನಾಗಿದ್ದರೆ ಇಷ್ಟು ಸಾಕು ಎನ್ನುತ್ತಾನೆ.

ಬಸಲಿಂಗಯ್ಯ


ಬೆಟಗೇರಿ
9 ಸೆಪ್ಟೆಂಬರ್ 2024

ಅಪ್ಪ,

ನಿನ್ನೆ ಗುರುವಂದನೆಯ ಸಭೆಯಿಂದ ಹೇಳದೆ ಎದ್ದು ಬಂದೆ. ಊಟಕ್ಕೂ ನಿಲ್ಲಲಿಲ್ಲ ಎಂದು ಅವ್ವ ಫೋನಿನಲ್ಲಿ ಬೈದಳು. ಏಕೆ ಎದ್ದು ಬಂದೆ ಎಂಬುದನ್ನು ಈಗ ಹೇಳುತ್ತೇನೆ.

ಮಾನಪತ್ರದ ಆ ಖಾಲಿ ಜಾಗ ನಿಮ್ಮದೇ ಎಂದು ವೇದಿಕೆ ಹತ್ತುವ ತನಕ ನಿಮಗೆ ಗೊತ್ತಾಗಲಿಲ್ಲ. ನಿಮ್ಮ ಹೆಸರು ಕೂಗಿದಾಗ ನೀವು ಪಕ್ಕದವರನ್ನು “ಯಾರ?” ಎಂದು ಕೇಳಿದ್ದನ್ನು ನೋಡಿ, ಹಿಂದೆ ನಿಂತಿದ್ದ ನಾನು, ಯೂಸುಫ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಅಲ್ಲಿಯವರೆಗೆ ಎಷ್ಟು ಚೆಂದವಿತ್ತು. ನಿಮ್ಮ ತಿದ್ದುಪಡಿಯನ್ನು ನಾವು ಒಂದೂ ಬಿಡದೆ ಪಾಲಿಸಿದ್ದೆವು. ಜ್ಞಾನಸಾಗರ ಇಲ್ಲ, ಕರುಣಾಮೂರ್ತಿ ಇಲ್ಲ. ಒಂದು ವಾಕ್ಯ ಮಾತ್ರ ನಾನು ಸೇರಿಸಿದ್ದೆ. ಅಂಗಡಿಯಲ್ಲಿ ಅಷ್ಟು ವರ್ಷ ಬೇರೆಯವರ ಮಾತು ಅಚ್ಚು ಹಾಕಿದ ಮೇಲೆ ನಾನೇ ಬರೆದ ಮೊದಲ ವಾಕ್ಯ ಅದು: “ಮುಂಡರಗಿಯ ಮಕ್ಕಳನ್ನು ಊರೂರಿಗೆ ಕಳಿಸಿದರು.”

ಮಾನಪತ್ರ ಓದಲು ನಿಂತ ನಿಮ್ಮ ಹಳೆಯ ವಿದ್ಯಾರ್ಥಿ ವೀರೇಶ ಅದನ್ನು ಸರಿಯಾಗಿಯೇ ಓದಿದ. ನೀವು ಮಾನಪತ್ರ ಕೈಗೆ ಬಂದ ಕೂಡಲೇ ಕನ್ನಡಕ ಏರಿಸಿದಿರಿ, ಕಿಸೆಯಿಂದ ಕೆಂಪು ಪೆನ್ನು ತೆಗೆದಿರಿ, ‘ಕಳಿಸಿದರು’ ಎಂಬುದರ ‘ಳಿ’ ಹೊಡೆದು ‘ಲಿ’ ಬರೆದಿರಿ. ವೀರೇಶ ಪಾಪ, “ಸರ, ಅದು...” ಎಂದ. “ಸುಮ್ನ ಕುಂಡ್ರಲೇ” ಎಂದಿರಿ. ಆಮೇಲೆ ಮೈಕಿನಲ್ಲಿ: “ಇದು ಯಾವ ಪ್ರೆಸ್ಸಿಂದು ಅಂತ ನನಗ ಕೇಳೂದ ಬ್ಯಾಡ. ಲ-ಳ ಗೊತ್ತಿಲ್ಲದ ಪ್ರೆಸ್ ಜಿಲ್ಲಾದಾಗ ಒಂದ ಐತಿ.” ಸಭೆಯೆಲ್ಲ ನಕ್ಕಿತು. ಚಪ್ಪಾಳೆ ಹೊಡೆಯಿತು. ನಿಮಗೂ ಖುಷಿಯಾಯಿತು, ನಾನು ನೋಡಿದೆ.

ಅದು ‘ಕಳಿಸಿದರು’ ಅಪ್ಪ. ‘ಳ’. ಕೊರ್ಲಹಳ್ಳಿಯ ನೂರೀನ ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿ ಕೂತಾಗ, ಹೊಳೆದಂಡೆಯ ಅವರ ಮನೆಗೆ ಮತ್ತೆ ಮತ್ತೆ ಹೋಗಿ ಅವಳ ಅಪ್ಪನ ಜೊತೆ ಜಗಳ ತೆಗೆದವರು ಯಾರು? ಅವಳ ಚೀಲ ಹಿಡಿದು ಹುಬ್ಬಳ್ಳಿ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟವರು ಯಾರು? ವೀರೇಶನನ್ನು, ಇನ್ನೂ ಎಷ್ಟೋ ಮಂದಿಯನ್ನು ಹಾಗೆಯೇ ಬಸ್ಸಿಗೆ ಹತ್ತಿಸಿದಿರಿ. ನಾನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಅದನ್ನು ಬರೆದೆ. ನನ್ನನ್ನು ಯಾರೂ ಬಸ್ಸಿಗೆ ಹತ್ತಿಸಲಿಲ್ಲ, ಅದು ಬೇರೆ ಮಾತು.

ಇನ್ನು ನಿಮ್ಮ ತಿದ್ದುಪಡಿ. ಈಗ ಆ ವಾಕ್ಯ “ಮಕ್ಕಳನ್ನು ಊರೂರಿಗೆ ಕಲಿಸಿದರು” ಎಂದಾಗಿದೆ. ಕಲಿಸುವುದು ಮಕ್ಕಳಿಗೆ, ಮಕ್ಕಳನ್ನಲ್ಲ. ಇದು ಯಾವ ವಿಭಕ್ತಿ, ನಿವೃತ್ತ ಕನ್ನಡ ಶಿಕ್ಷಕರೇ?

ಇನ್ನು ಮುಂದೆ ಪ್ರೂಫು ಕಳಿಸುವುದಿಲ್ಲ. ‘ಳಿ’.

ವಿದ್ಯಾ


ಬೆಟಗೇರಿ
6 ಅಕ್ಟೋಬರ್

ಬಸಲಿಂಗಯ್ಯ ಗುರುಗಳಿಗೆ ಯೂಸುಫ ಮಾಡುವ ನಮಸ್ಕಾರಗಳು. ನಾನು ಕಾಗದ ಬರೆದಿದ್ದು ಮೇಡಮ್ಮರಿಗೆ ಗೊತ್ತಿಲ್ಲಾ.

ಗುರುಗಳೇ ಒಂದು ತಿಂಗಳಿಂದ ಅಂಗಡಿಯಲ್ಲಿ ಬಾಳ ತ್ರಾಸ ಆಗಿದೆ. ಮೇಡಮ್ಮ ಯಾರು ಏನು ಬರೆದು ತಂದರು ಹಂಗೇ ಪ್ರಿಂಟ ಮಾಡು ಅಂತಾರೆ. ಕುರ್ತಕೋಟಿಯವರೊಬ್ಬರು ಮನೆ ಶಾಂತಿ ಕಾರ್ಡಿನಲ್ಲಿ ‘ಗೃಹ ಪ್ರವೇಶ’ ಬದಲಿ ‘ಗ್ರಹ ಪ್ರವೇಶ’ ಅಂತ ತಂದಿದ್ದರು. ನಾನು ಹೇಳಿದೆ, ಇವರು ಮಂಗಳ ಗ್ರಹಕ್ಕೆ ಹೋಗುತ್ತಾರೇನು ಅಂತ. ಮೇಡಮ್ಮ ನಗಲಿಲ್ಲಾ. ಹೋಗಲಿ ಬಿಡು ಅಂದರು. ಗುರುಗಳೇ ಮೊದಲು ನಿಮ್ಮ ಲಕೋಟೆ ಬಂದಾಗ ಅವರು ಅಂಚಿನಲ್ಲಿ ನೀವು ಬರೆದಿದ್ದನ್ನು ಜೋರಾಗಿ ಓದಿ ಓದಿ ನಗುತ್ತಿದ್ದರು. ಈಗ ನಜೀರಸಾಬ ಕಾಕಾ ಅಂಗಡಿ ಮುಂದೆ ನಿಂತು ‘ಏನರ ಐತೇನ್ರಿ’ ಅಂತ ಕೇಳಿ ಸುಮ್ಮನೆ ಹೋಗುತ್ತಾರೆ.

ಈ ಕಾಗದದಲ್ಲಿ ತಪ್ಪು ಇದ್ದರೆ ಕ್ಷಮಿಸಬೇಕು. ತಿದ್ದಬಾರದು.

ಯೂಸುಫ


ಮುಂಡರಗಿ
23 ಅಕ್ಟೋಬರ್ 2024

ಚಿ. ವಿದ್ಯಾಶ್ರೀಗೆ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ಅದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಮರುದಿನ ಮತ್ತೆ ಹುಡುಕಿದೆ.

ಮಾನಪತ್ರವನ್ನು ಗೋಡೆಗೆ ತೂಗುಹಾಕಲು ನಿನ್ನ ಅವ್ವ ಬಿಡಲಿಲ್ಲ. “ನನ್ನ ಮಗಳನ್ನ ಹೊಡದ ಕಾಗದ ನನ್ನ ಗ್ವಾಡಿಗೆ ಬ್ಯಾಡ” ಎಂದಳು. ಅದು ಕಪಾಟಿನ ಮೇಲೆ ಮುಖ ಅಡಿಯಾಗಿ ಮಲಗಿತ್ತು. ಹೋದ ಭಾನುವಾರ ನೂರೀನ ಬಂದಿದ್ದಳು. ಈಗ ಶಿರಹಟ್ಟಿಯಲ್ಲಿ ನರ್ಸ್ ಆಗಿದ್ದಾಳೆ, ಗುರುವಂದನೆಗೆ ರಜೆ ಸಿಕ್ಕಿರಲಿಲ್ಲವಂತೆ. ತಾನೇ ಅದನ್ನು ಎತ್ತಿ ಓದಿದಳು. ಬಹಳ ಹೊತ್ತು ನೋಡಿದಳು. ನಾನು ಕೇಳಿದೆ, “ಏನವಾ, ತಪ್ಪೈತೇನು?”

ಅವಳು ಹೇಳಿದಳು: “ಸರ, ನೀವು ನನಗ ಕಲಿಸಿದ್ದು ಒಂದೂ ನೆನಪಿಲ್ರಿ. ಸಂಧಿ ಇಲ್ಲ, ಸಮಾಸ ಇಲ್ಲ. ಕಳಿಸಿದ್ದು ನೆನಪೈತಿ.”

ಒಬ್ಬ ಕನ್ನಡ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಆದರೂ ಅವಳು ಹೋದ ಮೇಲೆ ನಾನು ಎರಡು ಕಪ್ಪು ಚಹಾ ಕುಡಿದೆ.

ಸಭೆಯೆದುರು ಆದದ್ದು ಸಭೆಯೆದುರೇ ಸರಿಯಾಗಬೇಕು. ಒಂದು ಫ್ಲೆಕ್ಸ್ ಮಾಡಿಸಬೇಕಾಗಿದೆ. ಗುರುವಂದನೆ ನಡೆದ ಸಭಾಭವನದ ಎದುರಿಗೆ ಕಟ್ಟುತ್ತೇನೆ, ವೀರೇಶ ಪರವಾನಗಿ ತಂದಿದ್ದಾನೆ. ಮಜಕೂರು: “ತಿದ್ದುಪಡಿ. ಗುರುವಂದನೆಯ ಮಾನಪತ್ರದಲ್ಲಿನ ‘ಕಳಿಸಿದರು’ ಎಂಬ ಪದವು ತಪ್ಪಾಗಿ ತಿದ್ದಲ್ಪಟ್ಟಿರುತ್ತದೆ. ಮೂಲ ಪದವೇ ಸರಿಯಾಗಿರುತ್ತದೆ ಎಂದು ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ.”

ಪ್ರೂಫು ಕಳಿಸು.

ಬಸಲಿಂಗಯ್ಯ


ಬೆಟಗೇರಿ
25 ಅಕ್ಟೋಬರ್ 2024

ಅಪ್ಪ,

ಪ್ರೂಫು ಇದರೊಂದಿಗೆ ಇದೆ. ಕೆಂಪು ಶಾಯಿಗೆ ಕ್ಷಮೆ ಇರಲಿ.

1. “ತಿದ್ದಲ್ಪಟ್ಟಿರುತ್ತದೆ” – ಯಾರಿಂದ? ವಾಕ್ಯದಲ್ಲಿ ಕರ್ತೃ ಕಾಣೆಯಾಗಿದ್ದಾನೆ. ತಹಸೀಲ್ದಾರ ಕಚೇರಿಯ ನೋಟೀಸುಗಳಲ್ಲಿ ಹೀಗೆ ತಪ್ಪಿಸಿಕೊಳ್ಳುತ್ತಾರೆ ಎಂದು ಒಂಬತ್ತನೆಯ ತರಗತಿಯಲ್ಲಿ ನೀವೇ ಹೇಳಿದ್ದಿರಿ.
2. “ತಿಳಿಯಪಡಿಸಲಾಗಿದೆ” – ಇಲ್ಲಿಯೂ ಅವನೇ ಕಾಣೆ.

ಕರ್ತೃ ಸಿಕ್ಕ ಮೇಲೆ ಅಚ್ಚಿಗೆ ಹಾಕುತ್ತೇನೆ.

ವಿದ್ಯಾ


ಬೆಟಗೇರಿ
27 ಅಕ್ಟೋಬರ್ 2024

ಪ್ರೀತಿಯ ಅವ್ವ,

ಅಪ್ಪ ಇವತ್ತು ಊಟಕ್ಕೆ ಬರುವುದಿಲ್ಲ, ನಾಳೆಯೂ ಇಲ್ಲ. ಫೋನು ಮಾಡಬೇಡ ಎಂದಿದ್ದಾರೆ, ಬರೆದು ತಿಳಿಸು ಎಂದಿದ್ದಾರೆ. ಅದಕ್ಕೆ ಈ ಕಾಗದ. ನಜೀರಸಾಬ ಕಾಕಾ ನಿನ್ನ ಕೈಗೇ ಕೊಡುತ್ತಾರೆ.

ಮುಂಜಾನೆ ಅಂಗಡಿಯ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಅಪ್ಪ, ಧೋತರ, ಕೋಟು, ಕೈಯಲ್ಲಿ ನನ್ನ ಪ್ರೂಫು. ಯೂಸುಫ ಎದ್ದು ನಿಂತ ರಭಸಕ್ಕೆ ಕುರ್ಚಿ ಬಿತ್ತು.

“ಕುಂಡ್ರಿ ಅಪ್ಪಾ” ಎಂದೆ.

“ಕುಂಡ್ರಾಕ ಬಂದಿಲ್ಲ. ಕರ್ತೃನ್ನ ಕರಕೊಂಡು ಬಂದೇನಿ. ಬರಕೋ” ಎಂದು ಯೂಸುಫನ ಬೆನ್ನ ಹಿಂದೆ ನಿಂತರು. ಒಂದೊಂದೇ ಶಬ್ದ ಹೇಳಿದರು: “ನಾನು, ಬಸಲಿಂಗಯ್ಯ, ಸರಿ ಇದ್ದದ್ದನ್ನು ತಪ್ಪು ಮಾಡಿದೆ. ನನ್ನ ಮಗಳು ವಿದ್ಯಾಶ್ರೀ ಬರೆದದ್ದೇ ಸರಿ.” ಯೂಸುಫ ಮೆಲ್ಲಗೆ ಕೇಳಿದ, “ಸೈಜ್ ಎಷ್ಟ ಇಡಲ್ರಿ ಗುರುಗಳ?”

“ಹತ್ತು ಹೆಜ್ಜಿ ದೂರದಿಂದ ನನಗ ಕನ್ನಡಕ ಇಲ್ಲದ ಕಾಣಬೇಕು. ಅಷ್ಟ.”

ಅವ್ವ, ಅಪ್ಪನಿಗೆ ಕನ್ನಡಕವಿಲ್ಲದೆ ಹತ್ತು ಹೆಜ್ಜೆಯಾಚೆಗೆ ಎಮ್ಮೆಯೂ ಕಾಣುವುದಿಲ್ಲ. ನಮ್ಮ ಮಷೀನಿನಲ್ಲಿ ಬರುವ ಅತಿ ದೊಡ್ಡ ಫ್ಲೆಕ್ಸ್ ಅದು. ಅಚ್ಚಾಗಿ ಹೊರಗೆ ಬರುತ್ತಿದ್ದಾಗ ಅಪ್ಪ ಅದರ ಒಂದು ತುದಿ ಹಿಡಿದುಕೊಂಡರು, ಇನ್ನೊಂದು ತುದಿ ನಾನು ಹಿಡಿದೆ. ಬಣ್ಣ ಆರುವ ತನಕ ಇಬ್ಬರೂ ಹಾಗೇ ನಿಂತಿದ್ದೆವು. ಕೊನೆಗೆ ಅವರೇ ಅಂದರು, “ಫಾಂಟ್ ಚಲೋ ಐತಿ.”

ನಾಳಿದ್ದು ನಾವೆಲ್ಲ ಕೂಡಿ ಬಂದು ಅದನ್ನು ಕಟ್ಟುತ್ತೇವೆ. ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ, ಅಂಗಡಿ ಹೇಗೆ ನಡೆಯುತ್ತದೆ ನೋಡಬೇಕು ಎನ್ನುತ್ತಿದ್ದಾರೆ. ಮೊಣಕಾಲಿನ ಮಾತೇ ಇಲ್ಲ.

ಆದರೆ ನಾನು ನಿನಗೆ ಬರೆಯಬೇಕೆಂದದ್ದು ಬೇರೆ. ಮಧ್ಯಾಹ್ನ ಒಬ್ಬಳು ಹೆಣ್ಣುಮಗಳು ಬಂದಳು, ಹೆಸರು ಮೆಹನಾಜ, ಹೊಸದಾಗಿ ಟೇಲರಿಂಗ್ ಅಂಗಡಿ ತೆರೆಯುತ್ತಾಳಂತೆ. ಬೋರ್ಡಿಗೆ ಬರೆದು ತಂದ ಚೀಟಿಯಲ್ಲಿ “ಹೆಂಗಸರ ಬಟ್ಟೆ ಹೊಳಿದು ಕೊಡಲಾಗುವುದು” ಎಂದಿತ್ತು. ಅಪ್ಪ ಚೀಟಿ ಇಸಿದುಕೊಂಡರು. ಕೈ ಕಿಸೆಯ ಪೆನ್ನಿನ ತನಕ ಹೋಯಿತು. ಯೂಸುಫ ಕಣ್ಣು ಮುಚ್ಚಿಕೊಂಡ. ನಾನೂ.

ಅಪ್ಪ ಕೆಮ್ಮಿ, ಚೀಟಿಯನ್ನು ಅವಳ ಕಡೆ ತಿರುಗಿಸಿ ಕೇಳಿದರು: “ತಂಗಿ, ಇಲ್ಲಿ ‘ಲಿ’ ಹಾಕೂದು ವಾಡಿಕಿ. ನಿನಗ ಹೆಂಗ ಬೇಕು?”

ಅವಳು “ನೀವು ಹೆಂಗ ಅಂತೀರಿ ಹಂಗ ಅಜ್ಜಾರ” ಎಂದು ‘ಲಿ’ಯನ್ನೇ ಹಾಕಿಸಿಕೊಂಡು ಹೋದಳು. ಅದಲ್ಲ ವಿಷಯ. ಇಷ್ಟು ವರ್ಷ ಸಂಸಾರ ಮಾಡಿದ್ದೀಯಲ್ಲ ಅವ್ವ, “ನಿನಗ ಹೆಂಗ ಬೇಕು?” ಎಂದು ಅಪ್ಪ ನಿನ್ನನ್ನು ಒಮ್ಮೆಯಾದರೂ ಕೇಳಿದ್ದುಂಟೇ? ಸಾರಿನ ಉಪ್ಪಿನ ವಿಷಯಕ್ಕಾದರೂ ಸರಿ. ಉಂಟಾದರೆ ಬರೆ. ಇಲ್ಲವಾದರೆ, ಮಂಗಳವಾರ ಅವರು ಮನೆಗೆ ಬಂದಾಗ ಏನು ಬೇಕೆಂದು ಈಗಿನಿಂದಲೇ ಯೋಚಿಸಿಡು. ಈ ಬುದ್ಧಿ ಎಷ್ಟು ದಿನ ನಿಲ್ಲುತ್ತದೋ ಹೇಳಲಾರೆ.

ನಗುತ್ತ ನಗುತ್ತ,
ನಿನ್ನ ವಿದ್ಯಾ